ಬೆರಳಲ್ಲಿ ತಿರುಗುವ ರಿವಾಲ್ವರ್, ಅಜ್ಜನ ಕೇಪಿನ ಕೋವಿ

ತಲೆಗೆ ದೊಡ್ಡ ಟೋಪಿ, ಸೊಂಟಕ್ಕೆ ಚರ್ಮದ ಪಟ್ಟಿ. ತೋರುಬೆರಳಿಗೆ ಸಿಕ್ಕಿಸಿಕೊಂಡ ರಿವಾಲ್ವರ್ ಗಿರಗಿರ ತಿರುಗಿ, ಚಕ್ಕನೆ ಪಟ್ಟಿಯ ಚೀಲದೊಳಗೆ ಹೋಗಿ ಕೂರುತ್ತದೆ. ಹಾಲಿವುಡ್‌ನ ಕೌಬಾಯ್ ಸಿನಿಮಾಗಳಿಂದ ಜನಪ್ರಿಯವಾದ ಈ ಆಟವನ್ನು ಅಮೆರಿಕದಲ್ಲಿ ಹವ್ಯಾಸ ಮಾಡಿಕೊಂಡವರಿದ್ದಾರೆ, ವೇದಿಕೆ ಮೇಲೆ ಪ್ರದರ್ಶನ ಕೊಡುವವರೂ ಇದ್ದಾರೆ. ಈಗ ಅದು ರೀಲ್ಸ್ ಮೂಲಕ ನಮ್ಮ ಹುಡುಗರ ಮೊಬೈಲಿಗೂ ಬಂದಿದೆ. ಹದಿನೈದು ವರ್ಷದ ನನ್ನ ಅಕ್ಕನ ಮಗ ಇಂಥ ಹತ್ತಾರು ವಿಡಿಯೋ ನೋಡಿ ಕೇಳಿದ: "ಮಾವ, ಒಳಗೆ ಗುಂಡೇ ಇಲ್ಲ ಅಂದ್ಮೇಲೆ ತಿರುಗಿಸಿದ್ರೆ ಏನಾಗತ್ತೆ?"

ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಮಂಗ, ಹಂದಿಗಳ ಕಾಟಕ್ಕೆಂದು ಲೈಸೆನ್ಸ್ ಇರುವ ಕೋವಿ ಮನೆಯಲ್ಲಿದೆ. ಹಾಗಾಗಿ ಈ ಪ್ರಶ್ನೆಯನ್ನು ನಕ್ಕು ಬಿಡುವ ಹಾಗಿರಲಿಲ್ಲ. ಕೂತು ಓದಿದೆ, ಅವನಿಗೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಸಿನಿಮಾದಲ್ಲಿ ತಿರುಗುವುದು ಹೆಚ್ಚಾಗಿ 1873ರಲ್ಲಿ ಬಂದ ಕೋಲ್ಟ್ ಕಂಪನಿಯ ರಿವಾಲ್ವರ್, ಇಲ್ಲವೇ ಅದರ ನಕಲು. ಇದನ್ನು ಸಿಂಗಲ್ ಆಕ್ಷನ್ ಅನ್ನುತ್ತಾರೆ. ಪ್ರತಿ ಸಲವೂ ಹಿಂದಿನ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು, ಆಮೇಲೆ ಟ್ರಿಗರ್ ಒತ್ತಿದರೆ ಈಡು. ಕುದುರೆ ಎಳೆಯದಿದ್ದರೆ ಟ್ರಿಗರ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ತಿರುಗಿಸುವವರು ಈ ಜಾತಿಯ ರಿವಾಲ್ವರನ್ನೇ ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಟ್ರಿಗರ್ ಇರುವ ಬಳೆಯೊಳಗೇ ಬೆರಳು ಹಾಕಿ ತಿರುಗಿಸಬೇಕಲ್ಲ! ಡಬಲ್ ಆಕ್ಷನ್ ರಿವಾಲ್ವರ್ ಆದರೆ ಟ್ರಿಗರ್ ಎಳೆದರೆ ಸಾಕು, ಕುದುರೆ ತಾನೇ ಹಿಂದೆ ಹೋಗಿ ಬೀಳುತ್ತದೆ.

ಹಾಗಾದರೆ ಸಿಂಗಲ್ ಆಕ್ಷನ್ ಸುರಕ್ಷಿತ ಅಂದುಕೊಂಡರೆ, ಅಪಾಯ ಇನ್ನೊಂದು ಕಡೆ ಕೂತಿದೆ. ಅದು ಅರ್ಥವಾಗಲು ನನ್ನ ಅಜ್ಜನ ಕೇಪಿನ ಕೋವಿ ನೆನಪು ಮಾಡಿಕೊಳ್ಳಬೇಕು.

ಅಜ್ಜ ನಳಿಗೆಗೆ ಮದ್ದು ತುಂಬಿಸಿದರೂ ಕೇಪು ಇಡುತ್ತಿದ್ದದ್ದು ತೋಟಕ್ಕೆ ಇಳಿದ ಮೇಲೆಯೇ. ಈಡು ಹಾರಿಸದೇ ವಾಪಸ್ ಬಂದರೆ ಅಂಗಳಕ್ಕೆ ಕಾಲಿಡುವ ಮೊದಲೇ ಕೇಪು ತೆಗೆದು ಜೇಬಿಗೆ ಹಾಕುತ್ತಿದ್ದರು. ಯಾಕೆಂದರೆ ಕುದುರೆ ಕೇಪಿನ ಮೇಲೆ ಒರಗಿ ಕೂತಿರುವಾಗ ಕೋವಿ ಬಿದ್ದರೆ, ಅಥವಾ ಕುದುರೆಗೆ ಏನಾದರೂ ಬಡಿದರೆ, ಅಷ್ಟು ಪೆಟ್ಟೇ ಸಾಕು. ದೀಪಾವಳಿಯಲ್ಲಿ ಕೇಪನ್ನು ಕಲ್ಲಿನಿಂದ ಕುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1873ರ ಕೋಲ್ಟ್ ಕೂಡ ಹೀಗೆಯೇ. ತೋಟಾದ ಬುಡದಲ್ಲಿ ಇಂಥದ್ದೇ ಒಂದು ಪುಟ್ಟ ಕೇಪು ಇರುತ್ತದೆ. ಕುದುರೆಯ ಮೂತಿಯಲ್ಲಿರುವ ಮೊಳೆ ನೇರ ಅದರ ಮೇಲೆ ಕೂರುತ್ತದೆ. ಅದಕ್ಕೇ ತಿಳಿದವರು ಆರು ಮನೆಯ ರಿವಾಲ್ವರಿಗೆ ಐದೇ ತೋಟಾ ಹಾಕಿ, ಕುದುರೆಯ ಕೆಳಗಿನ ಮನೆ ಖಾಲಿ ಬಿಡುತ್ತಾರೆ. 1876ರ ಜನವರಿಯಲ್ಲಿ ಕಾನ್ಸಾಸ್‌ನ ವಿಚಿಟಾ ಊರಿನಲ್ಲಿ ಪೊಲೀಸ್ ಆಗಿದ್ದ ವಯಟ್ ಅರ್ಪ್ ಕುರ್ಚಿಯಲ್ಲಿ ಕೂತಿದ್ದಾಗ, ಅವನ ರಿವಾಲ್ವರ್ ಜಾರಿ ಬಿದ್ದು ಈಡು ಹಾರಿತು. ಗುಂಡು ಅವನ ಕೋಟನ್ನೇ ತೂತು ಮಾಡಿಕೊಂಡು ಹೋಯಿತು. ಮುಂದೆ ಬಂದೂಕಿನ ಮೇಲೆ ಅಷ್ಟು ಹೆಸರು ಮಾಡಿದವನ ಕತೆಯೇ ಹೀಗೆ. ಇನ್ನು ಒಂದು ಕೆಜಿ ತೂಕದ ಕಬ್ಬಿಣವನ್ನು ಬೆರಳಲ್ಲಿ ತಿರುಗಿಸಲು ಕಲಿಯುವವನು ಅದನ್ನು ಎಷ್ಟು ಸಲ ಬೀಳಿಸಬಹುದು, ನೀವೇ ಲೆಕ್ಕ ಹಾಕಿ.

1973ರಲ್ಲಿ ರೂಗರ್ ಎಂಬ ಕಂಪನಿ ತನ್ನ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳಲ್ಲಿ ಕುದುರೆಗೂ ಮೊಳೆಗೂ ನಡುವೆ ಒಂದು ಪಟ್ಟಿ ಇಟ್ಟಿತು. ಟ್ರಿಗರ್ ಎಳೆದು ಹಿಡಿದರೆ ಮಾತ್ರ ಆ ಪಟ್ಟಿ ಮೇಲೆ ಬಂದು ಪೆಟ್ಟನ್ನು ದಾಟಿಸುತ್ತದೆ. ಬಿದ್ದಾಗ ಹಾರುವ ಭಯ ಇದರಿಂದ ತಪ್ಪಿತು. ಆದರೆ ತಿರುಗಿಸುವಾಗ ಬೆರಳು ಇರುವುದು ಟ್ರಿಗರ್ ಪಕ್ಕದಲ್ಲೇ. ಕೆಲವರು ತಿರುಗಿಸಿ ಹಿಡಿಗೆ ತರುವಾಗಲೇ ಕುದುರೆಯನ್ನೂ ಎಳೆಯುತ್ತಾರೆ. ಆಗ ಯಾವ ಪಟ್ಟಿಯೂ ಕಾಯುವುದಿಲ್ಲ. ಜೊತೆಗೆ, ಒಂದು ಸುತ್ತು ಮುಗಿಯುವುದರೊಳಗೆ ನಳಿಗೆಯ ಬಾಯಿ ಎದುರಿಗಿದ್ದವರನ್ನೂ, ನಮ್ಮ ಹೊಟ್ಟೆಯನ್ನೂ, ಕಾಲನ್ನೂ ನೋಡಿಕೊಂಡು ಬರುತ್ತದೆ.

ಇನ್ನು ಹುಡುಗ ಹೇಳಿದ "ಗುಂಡೇ ಇಲ್ಲ" ಎನ್ನುವ ಮಾತು. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಸಿನಿಮಾದ ಚಿತ್ರೀಕರಣ ನಡೆದಿತ್ತು. ಅಲ್ಲಿದ್ದದ್ದೂ ಹಳೇ ಕೋಲ್ಟ್ ಮಾದರಿಯ ಸಿಂಗಲ್ ಆಕ್ಷನ್ ರಿವಾಲ್ವರ್ರೇ. ಅಪಾಯವಿಲ್ಲ ಎಂದು ಹೇಳಿ ನಟ ಅಲೆಕ್ ಬಾಲ್ಡ್ವಿನ್ ಕೈಗೆ ಕೊಟ್ಟಿದ್ದರು. ಒಳಗೆ ನಿಜವಾದ ತೋಟಾ ಇತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು, ನಿರ್ದೇಶಕರಿಗೂ ಗುಂಡು ತಗುಲಿತು. ಆ ಚಿತ್ರದ ಬಂದೂಕುಗಳ ಹೊಣೆ ಹೊತ್ತಿದ್ದವರಿಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಅಲ್ಲಿ ಯಾರೂ ರಿವಾಲ್ವರ್ ತಿರುಗಿಸುತ್ತಿರಲಿಲ್ಲ. ಆದರೂ ಬಂದೂಕು ನೋಡಿಕೊಳ್ಳುವುದಕ್ಕೆಂದೇ ಜನರಿದ್ದ ಜಾಗದಲ್ಲಿ ಹೀಗಾಯಿತು ಅಂದಮೇಲೆ, ನಮ್ಮ ಜಗಲಿಯ ಮೇಲೆ "ಖಾಲಿ ಕಣೋ" ಎನ್ನುವ ಮಾತಿಗೆ ಎಷ್ಟು ಬೆಲೆ? ಅಜ್ಜ ಹೇಳುತ್ತಿದ್ದದ್ದು ಇಷ್ಟೇ: "ನೋಡದೇ ಖಾಲಿ ಅನ್ಬೇಡ. ನೋಡಿದ್ಮೇಲೂ ಮನುಷ್ಯರ ಕಡೆ ಹಿಡೀಬೇಡ."

ಈ ಎರಡನೇ ಮಾತು ದೊಡ್ಡದು. ಖಾಲಿ ಕೋವಿಯಲ್ಲಿ ಕೈ ಏನು ರೂಢಿ ಮಾಡಿಕೊಳ್ಳುತ್ತದೋ, ತುಂಬಿದ ಕೋವಿಯಲ್ಲೂ ಅದನ್ನೇ ಮಾಡುತ್ತದೆ.

ಹಾಗಂತ ಹುಡುಗನ ಆಸೆಗೆ ತಣ್ಣೀರು ಎರಚಲಿಲ್ಲ. ಕೈಚಳಕ ಕಲಿಯುವುದರಲ್ಲಿ ತಪ್ಪೇನಿದೆ? ನಮ್ಮೂರ ಆಚಾರಿಗೆ ಹೇಳಿ ಹಲಸಿನ ಮರದಲ್ಲಿ ಒಂದು ಪಿಸ್ತೂಲು ಕೆತ್ತಿಸಿದೆ. ನಳಿಗೆಯಲ್ಲಿ ತೂತಿಲ್ಲ, ತೋಟಾ ಹಾಕಲು ಮನೆಯೂ ಇಲ್ಲ. ಮೊದಲ ವಾರ ಅದು ಅವನ ಕಾಲ್ಬೆರಳ ಮೇಲೆ ಎಷ್ಟು ಸಲ ಬಿತ್ತೋ ಲೆಕ್ಕವಿಲ್ಲ. ಈಗ ಹಾಸಿಗೆ ಮುಂದೆ ನಿಂತು ತಿರುಗಿಸುತ್ತಾನೆ, ಬಿದ್ದರೆ ಹಾಸಿಗೆ ಮೇಲೆ ಬೀಳುತ್ತದೆ. ಚೆನ್ನಾಗಿಯೇ ತಿರುಗಿಸುತ್ತಾನೆ.

ಕಾನೂನಿನ ಮಾತೂ ಒಂದಿದೆ. 2019ರಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ, ಬೇಜವಾಬ್ದಾರಿಯಿಂದಲೋ ಸಂಭ್ರಮಕ್ಕೆಂದೋ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮನೆಯಲ್ಲಿ ಕೋವಿ ಇರುವವರು ಎರಡು ಕೆಲಸ ಮಾಡಿ. ಕೋವಿ ಒಂದು ಬೀಗದೊಳಗೆ ಇರಲಿ, ತೋಟಾ ಇನ್ನೊಂದು ಬೀಗದೊಳಗೆ ಇರಲಿ. ಮಕ್ಕಳು ರೀಲ್ಸ್ ನೋಡುವಾಗ ಪಕ್ಕದಲ್ಲಿ ಕೂತು, ಅದು ಯಾವ ಬಂದೂಕು, ಹೇಗೆ ಹಾರುತ್ತದೆ ಎಂದು ಬಿಡಿಸಿ ಹೇಳಿ. ಬೈದರೆ ಕದ್ದು ಮಾಡುತ್ತಾರೆ, ಅರ್ಥವಾದರೆ ಬಿಡುತ್ತಾರೆ.