ಫ್ರೀ ಸೀಟಿನ ಕಾಲ

ನಾನು ಎಂಜಿಎಸ್‌ವಿ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದ ಕಾಲಕ್ಕೆ ಕೊಳ್ಳೇಗಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ಮಾತು ಎರಡು ಥರದ ಮನೆಗಳಲ್ಲಿ ನಡೆಯುತ್ತಿತ್ತು. ಒಂದು ರೇಷ್ಮೆ ಸೀರೆಯ ದೊಡ್ಡ ವ್ಯಾಪಾರಿಗಳ ಮನೆ, ಇನ್ನೊಂದು ಕರಿಕಲ್ಲಿನ ಕ್ವಾರಿ ಇದ್ದವರ ಮನೆ. ಮಿಕ್ಕವರಿಗೆ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಬಿಎಸ್‌ಸಿ, ಬಿಎಡ್, ಮೇಷ್ಟರ ಕೆಲಸ. ಮಾಂಬಳ್ಳಿಯಲ್ಲಿ ಚರಕ ಇಟ್ಟುಕೊಂಡು ರೇಷ್ಮೆ ನೂಲು ಬಿಚ್ಚುತ್ತಿದ್ದ ನಮ್ಮಪ್ಪನಂಥವರು ಡೊನೇಷನ್ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕ್ಯಾಪಿಟೇಷನ್ ಶುಲ್ಕ ವಸೂಲಿ ಮಾಡಕೂಡದೆಂದು ಕರ್ನಾಟಕದಲ್ಲಿ 1984ರಲ್ಲೇ ಕಾಯ್ದೆಯಾಗಿತ್ತು. ಅದೇ ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ಕಾಲೇಜುಗಳಿಗೆ ಮೂರು ದರ ಗೊತ್ತುಮಾಡಿತು: ಸರ್ಕಾರಿ ಸೀಟಾದರೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಕಾಲೇಜೊಂದರ ಸೀಟಿಗೆ ಆ 60,000 ಕಟ್ಟಲಾಗದೆ ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಷನ್ ಶುಲ್ಕ ಸಲ್ಲದೆಂದು 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು: ಖಾಸಗಿ ಕಾಲೇಜಿನ ಅರ್ಧದಷ್ಟು ಸೀಟುಗಳನ್ನು ಸರ್ಕಾರಿ ಶುಲ್ಕಕ್ಕೆ, ಅರ್ಹತೆಯ ಮೇಲೆ ಕೊಡಬೇಕು. ನಾವು ಅದನ್ನು ಫ್ರೀ ಸೀಟು ಎಂದೆವು, ಇನ್ನರ್ಧವನ್ನು ಪೇಮೆಂಟ್ ಸೀಟು ಎಂದೆವು. ಈ ಸೀಟುಗಳ ಪ್ರವೇಶ ಪರೀಕ್ಷೆಯಾಗಿ 1994ರಲ್ಲಿ ಸಿಇಟಿ ಶುರುವಾಯಿತು. ಅದರ ಮುಂದಿನ ವರ್ಷ ಬರೆದವನು ನಾನು.

ಕೌನ್ಸೆಲಿಂಗಿಗೆ ಅಪ್ಪನೂ ಬೆಂಗಳೂರಿಗೆ ಬಂದಿದ್ದರು. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿವೆ ಎಂಬುದು ಎಲ್ಲರ ಕಣ್ಣೆದುರೇ ಇತ್ತು. ನನ್ನ ಸರದಿ ಬಂದಾಗ ಸರ್ಕಾರಿ ಕಾಲೇಜುಗಳೆಲ್ಲ ತುಂಬಿಹೋಗಿದ್ದವು. ಬೆಂಗಳೂರಿನ ಖಾಸಗಿ ಕಾಲೇಜೊಂದರ ಫ್ರೀ ಸೀಟನ್ನು ಆರಿಸಿಕೊಂಡೆ. ಯಾರ ಶಿಫಾರಸೂ ಇಲ್ಲ, ಯಾರ ಕೈಕಾಲು ಹಿಡಿದದ್ದೂ ಇಲ್ಲ. ಅಪ್ಪ ಮೂರು ಸಲ ಕೇಳಿದರು, "ಇನ್ನ ಯಾರ್ಗೂ ಯಾನೂ ಕೊಡದು ಬ್ಯಾಡ್ವ?" ಎಂದು. ಮಾಂಬಳ್ಳಿಯ ಮನೆಯೊಂದಕ್ಕೆ ಮೆಡಿಕಲ್ ಕಾಲೇಜಿನ ಬಾಗಿಲು ಹೀಗೆ ತೆರೆದದ್ದನ್ನು ನಾನು ಇವತ್ತಿಗೂ ದೊಡ್ಡ ಸಂಗತಿ ಎಂದೇ ನಂಬಿದ್ದೇನೆ.

ಸೀಟು ಫ್ರೀ ಆದರೂ ಹಾಸ್ಟೆಲ್ಲು, ಮೆಸ್ಸು, ಪುಸ್ತಕ ಫ್ರೀ ಇರಲಿಲ್ಲ. ಮೂಳೆಗಳ ಸೆಟ್ಟನ್ನು ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಕೊಂಡೆ, ಚೌರಾಸಿಯಾ ಪುಸ್ತಕಗಳೂ ಅವರವೇ. ತರಗತಿಯಲ್ಲಿ ದೆಹಲಿ, ಕೇರಳ, ಬಿಹಾರದ ಪೇಮೆಂಟ್ ಸೀಟಿನವರಿದ್ದರು. ಮೊದಮೊದಲು ಅವರದೊಂದು ಗುಂಪು, ನಮ್ಮದೊಂದು ಗುಂಪು. ನಾನು ಕೊಳ್ಳೇಗಾಲದ ಕಡೆಯವನು ಅಂದರೆ ಸಾಕು, ಎಲ್ಲರೂ ವೀರಪ್ಪನ್ ಬಗ್ಗೆಯೇ ಕೇಳುವವರು. ರಾಮಾಪುರದ ಪೊಲೀಸ್ ಠಾಣೆಯ ಮೇಲೆ 1992ರಲ್ಲಿ ದಾಳಿ ನಡೆದಿತ್ತು, ಮರುವರ್ಷ ಪಾಲಾರ್ ಬಳಿ ಬಾಂಬು ಸಿಡಿದಿತ್ತು. ರಾಮಾಪುರ ಇರುವ ಹನೂರು ಸೀಮೆ ಆಗ ಇನ್ನೂ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ಆ ಕಡೆಯ ಆಸ್ಪತ್ರೆಗೆ ಪೋಸ್ಟಿಂಗ್ ಅಂದರೆ ಡಾಕ್ಟರುಗಳು ಹಿಂದೆ ಸರಿಯುತ್ತಿದ್ದ ಕಾಲ ಅದು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ಸಿಸ್ಟರುಗಳು ಮಾತ್ರ ಅಲ್ಲೇ ನಿಂತು ಕೆಲಸ ಮಾಡುತ್ತಿದ್ದರು. ಅವರನ್ನು ನೆನೆಯದೆ ನಮ್ಮ ಸೀಮೆಯ ವೈದ್ಯದ ಕತೆ ಹೇಳಲಾಗದು.

ಮೊದಲ ಎಂಬಿಬಿಎಸ್ ಆಗ ಒಂದೂವರೆ ವರ್ಷ. ಡಿಸೆಕ್ಷನ್ ಹಾಲಿನಲ್ಲಿ ಫಾರ್ಮಲಿನ್ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದೊಂದು ಟೇಬಲ್ಲಿನ ಸುತ್ತ ನಾವೊಂದು ಗುಂಪು. ಶುರು ಮಾಡಿದ್ದು ತೋಳಿನಿಂದ. ಕಂಕುಳಿನ ನರಗಳ ಗೋಜಲನ್ನು ಬಿಡಿಸಿ, ಅಲ್ಲಿಂದ ಹೊರಟ ಅಲ್ನರ್ ನರವನ್ನು ಕೊಬ್ಬು ಕೆರೆದು ಕೆರೆದು ಮೊಣಕೈವರೆಗೆ ತಂದೆವು. ಅದು ಮೊಣಕೈ ಹಿಂದಿನ ಮೂಳೆಯ ಸಂದಿನಲ್ಲಿ ಚರ್ಮದ ಕೆಳಗೇ ಹಾದು, ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಹೋಗುತ್ತದೆ. ಒಳಗಿನ ದಾರದಂಥ ಆ ಬಿಳಿ ನರವನ್ನು ಚಿಮಟದಲ್ಲಿ ಎತ್ತಿ ತೋರಿಸಿದ ಪ್ರೊಫೆಸರು, "ಕುಷ್ಠದಲ್ಲಿ ಇದು ದಪ್ಪವಾಗುತ್ತೆ, ಚರ್ಮದ ಮೇಲಿಂದಲೇ ಕೈಗೆ ಸಿಗುತ್ತೆ" ಎಂದು ಹೇಳಿ ಮುಂದಕ್ಕೆ ಹೋದರು.

ಪರೀಕ್ಷೆ ಮುಗಿಸಿ ರಜೆಗೆ ಬಂದಿದ್ದೆ. ನಮ್ಮ ಚರಕದಲ್ಲಿ ಕೆಲಸಕ್ಕಿದ್ದ ಅತ್ತೆಯೊಬ್ಬರು (ಅತ್ತೆ ಎಂದು ಕರೆಯುತ್ತಿದ್ದೆ, ರಕ್ತಸಂಬಂಧವಲ್ಲ) ಕುದಿಯುವ ನೀರಿನ ಬಾಂಡಲೆಯಲ್ಲಿ ಗೂಡಿನ ಎಳೆ ಹುಡುಕುತ್ತಿದ್ದರು. ನೂಲು ಬಿಚ್ಚುವವರ ಬೆರಳು ಬೆಂದು ಸುಕ್ಕಾಗಿರುವುದು ಹೊಸದಲ್ಲ. ಆದರೆ ಆಕೆಯ ಕಿರುಬೆರಳಿನಲ್ಲಿ ಬೊಬ್ಬೆ ಒಡೆದು ಹುಣ್ಣಾಗಿತ್ತು, ಆಕೆಗೆ ಅದರ ಪರಿವೆಯೇ ಇರಲಿಲ್ಲ. ಕೇಳಿದರೆ, "ಉರಿಯದೇ ಇಲ್ಲ ಕನ ಮಗ, ಗೇದು ಗೇದು ಜಡ್ಡು ಕಟ್ಟ್ಯದ" ಎಂದರು. ಮೊಣಕೈ ಹಿಂದೆ ಬೆರಳಿಟ್ಟು ನೋಡಿದೆ. ನರ ಕೈಗೆ ಸಿಕ್ಕಿತು. ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿತ್ತು, ಒತ್ತಿದರೆ ನೋವೂ ಇತ್ತು.

ಮಾಂಬಳ್ಳಿ ಇರುವ ನಮ್ಮ ಯಳಂದೂರು ತಾಲ್ಲೂಕಿನಲ್ಲಿ 1987ರ ಸುಮಾರಿಗೆ ಸಾವಿರಕ್ಕೆ ಇಪ್ಪತ್ತು ಮಂದಿಗೂ ಮೇಲೆ ಕುಷ್ಠ ಇತ್ತು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದ ಡಾ. ಸುದರ್ಶನ್, 1981ರಲ್ಲಿ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅವರದೇ ಕರುಣಾ ಟ್ರಸ್ಟ್ ಹುಟ್ಟಿದ್ದೇ ಯಳಂದೂರಿನ ಈ ಕುಷ್ಠದ ಕಾರಣಕ್ಕೆ. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಸರ್ಕಾರ ಈ ಟ್ರಸ್ಟಿಗೇ ವಹಿಸಿತು. ಅತ್ತೆಯನ್ನು ಗುಂಬಳ್ಳಿಗೆ ಕರೆದುಕೊಂಡು ಹೋದೆ. ಕುಷ್ಠಕ್ಕೆ ಕೊಡುವ ಎಂಡಿಟಿ ಮಾತ್ರೆ ಶುರುವಾಯಿತು. ಬೆರಳು ಮುರುಟುವ ಮುಂಚೆಯೇ ಸಿಕ್ಕಿದ್ದರಿಂದ ಕೈ ಉಳಿಯಿತು, ಆಮೇಲೂ ಬಹಳ ವರ್ಷ ನೂಲು ಬಿಚ್ಚಿದರು. ಫ್ರೀ ಸೀಟಿನಿಂದ ಏನು ಲಾಭವಾಯಿತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಚರಕದ ಮನೆಯ ಹುಡುಗನಿಗೆ ಆ ಬೊಬ್ಬೆ ಕಣ್ಣಿಗೆ ಬಿತ್ತು.

ಆ ವ್ಯವಸ್ಥೆ ಹತ್ತು ವರ್ಷವೂ ಬಾಳಲಿಲ್ಲ. 2002ರ ಅಕ್ಟೋಬರಿನಲ್ಲಿ ಟಿಎಂಎ ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು. ಆಮೇಲೆ ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಬಂತು, ವರ್ಷ ವರ್ಷ ಸರ್ಕಾರಕ್ಕೂ ಕಾಲೇಜುಗಳಿಗೂ ಮಾತುಕತೆ ಬಂತು, 2016ರಿಂದ ನೀಟ್ ಬಂತು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಇವತ್ತಿಗೂ ಇದೆ. ಆದರೆ ಅದರ ಶುಲ್ಕವೇ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಖಾಸಗಿ ಕೋಟಾದ್ದು ಹತ್ತು ಲಕ್ಷದ ಸುತ್ತಮುತ್ತ. ನೀಟ್ ಕೋಚಿಂಗಿನ ಖರ್ಚು ಬೇರೆ. ಹನೂರು ಕಡೆಯ ಹುಡುಗಿಯೊಬ್ಬಳು ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿಯೂ ಮೊದಲ ವರ್ಷದ ಹಣ ಹೊಂದಿಸಲಾಗದೆ ನರ್ಸಿಂಗ್ ಸೇರಿದಳು. ಅವಳ ರ‍್ಯಾಂಕ್ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಅವಳ ತಂದೆ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಒಳ್ಳೆಯದೂ ಆಗಿದೆ. ಚಾಮರಾಜನಗರದ ಹತ್ತಿರ ಯಡಪುರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಅದರ ಹೊಸ ಆಸ್ಪತ್ರೆಯನ್ನು 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಈಗಿನ ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳಬೇಕು. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನರನ್ನು ಆಂಬುಲೆನ್ಸುಗಳು ಮೈಸೂರಿಗೆ ಹೊತ್ತೊಯ್ದಾಗ, ಸರ್ಕಾರಿ, ಖಾಸಗಿ ಎನ್ನದೆ ಅಲ್ಲಿನ ಆಸ್ಪತ್ರೆಗಳೆಲ್ಲ ಅವರನ್ನು ಸೇರಿಸಿಕೊಂಡವು. ಹದಿನೇಳು ಜೀವ ಹೋದವು. ಉಳಿದವರನ್ನು ಹಗಲೂ ರಾತ್ರಿ ಕಾದವರಲ್ಲಿ ಪಿಜಿ ಓದುವ ಹುಡುಗ ಹುಡುಗಿಯರೂ ಇದ್ದರು. ಅಂಥವರಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ನಮ್ಮ ಮೂರು ತಾಲ್ಲೂಕಿನ ಮಕ್ಕಳು ಇನ್ನಷ್ಟು ಇರಬೇಕೆಂಬುದೇ ನನ್ನ ಹಂಬಲ.

ಸರ್ಕಾರಕ್ಕೆ ನನ್ನ ಕೋರಿಕೆ ಒಂದೇ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಆಯ್ಕೆಯಾದ ಬಡ ಮಕ್ಕಳಿಂದ ಸರ್ಕಾರಿ ಕಾಲೇಜಿನ ಶುಲ್ಕವನ್ನಷ್ಟೇ ಪಡೆಯಿರಿ, ಉಳಿದದ್ದನ್ನು ನೀವೇ ಕಟ್ಟಿ. ಈ ವರ್ಷ ನೀಟ್ ಬರೆಯುವ ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳಿಗೂ ಒಂದು ಮಾತು: ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಎರಡೂ ನಿಮಗಾಗಿಯೇ ಇವೆ. ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ ಸಹಿಯನ್ನು ಈಗಲೇ ಹಾಕಿಸಿಟ್ಟುಕೊಳ್ಳಿ, ಕೌನ್ಸೆಲಿಂಗ್ ಬರುವವರೆಗೆ ಕಾಯಬೇಡಿ.