ನಲವತ್ತರ ಬಾಟಲಿ

ಹುಬ್ಬಳ್ಳಿಯಲ್ಲಿ ಶೃಂಗಾರ ಸಾಮಗ್ರಿಗಳ ವ್ಯಾಪಾರವನ್ನು ನಾನು ಮೂವತ್ತೆಂಟು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಬಿ.ಕಾಂ. ಮುಗಿಸಿ ತಂದೆಯವರ ಗಾದಿಯ ಮೇಲೆ ಕುಳಿತಾಗ ಕೇಶಕ್ಕೆ ಸಂಬಂಧಿಸಿ ನಮ್ಮಲ್ಲಿ ಇದ್ದದ್ದು ಬಾಚಣಿಕೆ, ರಿಬ್ಬನ್ನು, ಚವರಿ, ಶೀಗೆಪುಡಿ, ಕೊಬ್ಬರಿ ಎಣ್ಣೆ ಇಷ್ಟೇ. ಮುಂದೆ ಶಾಂಪೂ ಬಂತು, ಮೆಹೆಂದಿ ಬಂತು, ಕಪ್ಪು ಬಣ್ಣ ಬಂತು. ಈಚಿನ ವರ್ಷಗಳಲ್ಲಿ ಬ್ಲೀಚ್ ಪುಡಿಯೂ ಅದರೊಡನೆ ಕಲಸುವ ಡೆವಲಪರ್ ಎಂಬ ದ್ರವವೂ ಕಪಾಟನ್ನು ತುಂಬಿದವು. ಕಪ್ಪು ಕೂದಲನ್ನು ಹೊಂಬಣ್ಣಕ್ಕೆ ತರುವ ಸಾಧನಗಳಿವು. ಇವುಗಳ ದರ, ತೆರಿಗೆ, ಲಾಭಾಂಶಗಳು ನನಗೆ ಬಾಯಿಪಾಠವಾಗಿದ್ದವು. ಇವು ಕೂದಲಿಗೆ ಏನು ಮಾಡುತ್ತವೆ ಎಂಬುದನ್ನು ಮಾತ್ರ ನಾನು ವಿಚಾರಿಸಿರಲಿಲ್ಲ.

2019ರ ದೀಪಾವಳಿಗೆ ಕೆಲವು ದಿನಗಳ ಮುಂಚೆ, ಬಸದಿಯಲ್ಲಿ ನಿತ್ಯ ಕಾಣುವ ನನ್ನ ಆಪ್ತರೊಬ್ಬರ ಮಗಳು ಅಂಗಡಿಗೆ ಬಂದಳು. ಇಂಜಿನಿಯರಿಂಗ್ ಕಾಲೇಜಿನ ಕಡೆಯ ವರ್ಷದ ವಿದ್ಯಾರ್ಥಿನಿ. ಸೊಂಟದ ಕೆಳಗಿಳಿಯುವ, ಒಂದು ಮುಷ್ಟಿಯಲ್ಲಿ ಹಿಡಿಯಲಾಗದಷ್ಟು ದಟ್ಟವಾದ ಕೇಶರಾಶಿ ಅವಳದು. ಅಷ್ಟನ್ನೂ ಹೊಂಬಣ್ಣ ಮಾಡಿಕೊಳ್ಳುವ ಇಚ್ಛೆ. ಒಂದು ಪೊಟ್ಟಣ ಪುಡಿಯನ್ನು ತೆಗೆದುಕೊಂಡು, "ಕಾಕಾ, ನಲವತ್ತರದ್ದು ತಗೊಂಡ್ರ ಲಗೂ ಆಗತೈತೇನ್ರಿ?" ಎಂದು ಕೇಳಿದಳು. "ಆಗತೈತವ್ವಾ" ಎಂದೆ. ಹಬ್ಬದ ಗದ್ದಲ, ಬೇರೆ ಗಿರಾಕಿಗಳು ನಿಂತಿದ್ದರು. ನಲವತ್ತರ ಬಾಟಲಿಗಳ ದಾಸ್ತಾನು ಹೆಚ್ಚಿತ್ತೆಂಬುದನ್ನೂ ಇಲ್ಲಿ ಮುಚ್ಚಿಡಲಾರೆ.

ನಾಲ್ಕನೆಯ ದಿನ ಅವಳ ತಂದೆ ಬಂದರು. ಜಯಜಿನೇಂದ್ರ ಎನ್ನಲಿಲ್ಲ. ವೃತ್ತಪತ್ರಿಕೆಯ ಒಂದು ಪೊಟ್ಟಣವನ್ನು ಗಲ್ಲೆಯ ಮುಂದೆ ಬಿಚ್ಚಿದರು. ಒಳಗೆ ಮುಷ್ಟಿಗಟ್ಟಲೆ ಕೂದಲು, ಕೆಲವೆಡೆ ಕಿತ್ತಳೆ, ಕೆಲವೆಡೆ ಹಳದಿ, ನಾರಿನಂತೆ ತುಂಡುತುಂಡಾದದ್ದು. ನೆತ್ತಿಯ ಮೇಲೆ ಎರಡು ಕಡೆ ಚರ್ಮ ಸುಟ್ಟಿತ್ತಂತೆ. "ಅಣ್ಣಾರ, ಕೊಡುವಾಗ ಏನರೆ ಹೇಳಿದ್ರೇನ್ರಿ?" ಎಂದು ಅವರು ಮೆಲ್ಲನೆ ಕೇಳಿದರು. "ಡಬ್ಬಿ ಮ್ಯಾಲೆ ಬರದೈತಲ್ಲ" ಎಂದು ನಾನು ಉತ್ತರಿಸಿದೆ.

ಆ ರಾತ್ರಿ ಡಬ್ಬಿಯ ಮೇಲೆ ಬರೆದದ್ದನ್ನು ಓದಲು ಪ್ರಯತ್ನಿಸಿದೆ. ಕನ್ನಡಕ ಸಾಲದೆ ಭೂತಗನ್ನಡಿ ತರಿಸಬೇಕಾಯಿತು. ಎಲ್ಲವೂ ಇಂಗ್ಲಿಷಿನಲ್ಲಿತ್ತು.

ಅನಂತರದ ತಿಂಗಳುಗಳಲ್ಲಿ, ಸೌಂದರ್ಯ ಮಳಿಗೆಗಳನ್ನು ನಡೆಸುವ ಅನುಭವಸ್ಥ ಗಿರಾಕಿಗಳನ್ನು ಕೇಳಿಯೂ ಪುಸ್ತಕಗಳನ್ನು ನೋಡಿಯೂ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತೇನೆ. ಬಾಟಲಿಯ ಮೇಲಿನ ಅಂಕಿ ಕೇವಲ ಹೆಸರಲ್ಲ, ಲೆಕ್ಕ. ಒಂದು ಲೀಟರು ದ್ರವವು ಎಷ್ಟು ಲೀಟರು ಆಮ್ಲಜನಕವನ್ನು ಬಿಡಬಲ್ಲುದೋ ಅದೇ ಅದರ ವಾಲ್ಯೂಮ್. 10 ಎಂದರೆ ಶೇಕಡಾ 3ರಷ್ಟು ಹೈಡ್ರೋಜನ್ ಪೆರಾಕ್ಸೈಡ್, 20 ಎಂದರೆ 6, 30 ಎಂದರೆ 9, 40 ಎಂದರೆ 12. ಪುಡಿಯಲ್ಲಿರುವ ಪರ್ಸಲ್ಫೇಟ್ ಲವಣಗಳೂ ಕ್ಷಾರವೂ ಇದರೊಡನೆ ಸೇರಿ, ಕೂದಲಿನ ಹೊರಮೈಯ ಹೆಂಚಿನಂಥ ಪದರುಗಳನ್ನು ಮೇಲಕ್ಕೆತ್ತಿ ಒಳನುಗ್ಗಿ, ಮೆಲನಿನ್ ಎಂಬ ವರ್ಣದ್ರವ್ಯವನ್ನು ಒಡೆಯುತ್ತವೆ. ಕಪ್ಪು ಕೂದಲು ಒಮ್ಮೆಗೇ ಹೊಂಬಣ್ಣಕ್ಕೆ ಬರುವುದಿಲ್ಲ. ಮೊದಲು ಕೆಂಗಂದು, ಬಳಿಕ ಕಿತ್ತಳೆ, ಬಳಿಕ ಹಳದಿ, ಕಡೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯ ಬಣ್ಣ. ಆ ದಾರಿಯುದ್ದಕ್ಕೂ ಬಣ್ಣದ ಜೊತೆಗೆ ಕೂದಲಿನ ಸತ್ವವಾದ ಪ್ರೋಟೀನೂ ಹಾಳಾಗುತ್ತ ಹೋಗುತ್ತದೆ. ಆದ್ದರಿಂದ ಬಲ್ಲವರು 20ರ ದ್ರವದಿಂದ, ನಡುವೆ ವಾರಗಳ ಅಂತರವಿಟ್ಟು, ಎರಡು ಮೂರು ಸಲಕ್ಕೆ ಈ ಕೆಲಸ ಮಾಡುತ್ತಾರೆ. ನಲವತ್ತನ್ನು ನೆತ್ತಿಗೆ ತಾಗಿಸುವುದೇ ಇಲ್ಲ.

ದಟ್ಟವಾದ ನೀಳಕೇಶಕ್ಕೆ ಇನ್ನೂ ಬೇರೆ ತೊಡಕುಗಳಿವೆ. ಒಂದು ಪೊಟ್ಟಣ ಅದಕ್ಕೆ ಎಲ್ಲಿಗೂ ಸಾಲದು. ಹಿಂಭಾಗಕ್ಕೆ ಹಚ್ಚಿ ಮುಗಿಸುವ ವೇಳೆಗೆ ಮುಂಭಾಗ ಮಿತಿಮೀರಿ ಬೆಂದಿರುತ್ತದೆ. ಎಳೆಯೆಳೆಯಾಗಿ ವಿಭಾಗಿಸಿ ಇಬ್ಬರು ಕೂಡಿ ಹಚ್ಚಬೇಕು. ಬುಡದ ಕೂದಲು ದೇಹದ ಶಾಖದಿಂದ ಬೇಗ ಬಿಳುಪಾಗುವುದರಿಂದ ಅದನ್ನು ಕಡೆಗೆ ಇಟ್ಟುಕೊಳ್ಳಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಎಂದರೆ ಸೊಂಟಕ್ಕಿಳಿದ ಕೂದಲಿನ ತುದಿ ಐದಾರು ವರ್ಷ ಹಳೆಯದು. ಅಷ್ಟು ವರ್ಷಗಳ ಬಿಸಿಲನ್ನೂ ಬಾಚಣಿಕೆಯನ್ನೂ ಕಂಡದ್ದು. ಬುಡಕ್ಕೂ ತುದಿಗೂ ಒಂದೇ ನ್ಯಾಯ ಸಲ್ಲದು. ಎಲ್ಲಕ್ಕೂ ಮೊದಲು ಕೇಳಬೇಕಾದದ್ದು ಮೆಹೆಂದಿಯ ವಿಷಯ. ಲೋಹದ ಲವಣ ಬೆರೆಸಿದ ಮೆಹೆಂದಿ ಅಥವಾ ಬಣ್ಣ ಕೂದಲಿನಲ್ಲಿದ್ದರೆ ಪೆರಾಕ್ಸೈಡ್ ತಾಗಿದೊಡನೆ ಕಾವೇರಿ ಕೂದಲೇ ಕರಗಿದಂತಾಗಬಹುದು. ಆ ಹುಡುಗಿ ಪ್ರತಿ ತಿಂಗಳೂ ಮೆಹೆಂದಿ ಹಚ್ಚುತ್ತಿದ್ದಳು. ಅದೂ ನನ್ನ ಅಂಗಡಿಯದೇ.

ಇಂಥ ಗೀಳು ಹುಡುಗಿಯರಿಗೆ ಏಕೆ ಬೇಕು ಎಂದು ನಮ್ಮ ಸಮಾಜದ ಹಿರಿಯರು ಕೇಳಿದರು. ನನ್ನನ್ನು ಸಮಾಧಾನಪಡಿಸಲೆಂದೇ ಕೇಳಿದರು. ಹಣ ಎಣಿಸಿಕೊಳ್ಳುವಾಗ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲವಾದ್ದರಿಂದ ಆಮೇಲೆ ಅದನ್ನು ಕೇಳುವ ಅಧಿಕಾರವೂ ನನಗಿಲ್ಲವೆನಿಸಿತು. ವ್ರತಗಳ ಅತಿಚಾರಗಳನ್ನು ಒಂದೊಂದಾಗಿ ನೋಡಿದೆ. ಹೀನಾಧಿಕ ಮಾನೋನ್ಮಾನವಿಲ್ಲ, ತೂಕ ಸರಿಯಿತ್ತು. ಪ್ರತಿರೂಪಕ ವ್ಯವಹಾರವಿಲ್ಲ, ಮಾಲು ಅಸಲಿಯೇ. ರಸೀದಿಯೂ ಕೊಟ್ಟಿದ್ದೆ. ವಕೀಲರಂತೆ ಒಂದೊಂದು ಬಾಗಿಲಿನಿಂದಲೂ ಹೊರಬರುತ್ತ ಹೋದವನು, ಅನರ್ಥದಂಡದ ಭೇದಗಳಲ್ಲಿ ಹಿಂಸಾದಾನ, ಪ್ರಮಾದಚರ್ಯೆ ಎಂಬೆರಡು ಶಬ್ದಗಳ ಮುಂದೆ ನಿಂತುಬಿಟ್ಟೆ. ಪರ್ಯುಷಣದಲ್ಲಿ ಎಷ್ಟೋ ಬಾರಿ ಇವುಗಳ ಮೇಲೆ ನಾನೇ ಪ್ರವಚನ ಮಾಡಿದ್ದೆ. ಕತ್ತಿ, ವಿಷ, ಬೆಂಕಿಗಳ ಉದಾಹರಣೆ ಕೊಟ್ಟಿದ್ದೆ.

ಈಗ ಬ್ಲೀಚ್ ಕೇಳಿ ಬಂದವರನ್ನು ಕೂಡಿಸಿ ಮಾತನಾಡಿಸುತ್ತೇನೆ. ಕಿವಿಯ ಹಿಂದಿನ ಒಂದು ಎಳೆಯ ಮೇಲೆ ಮೊದಲು ಪರೀಕ್ಷಿಸಿ ಬನ್ನಿ ಎನ್ನುತ್ತೇನೆ. ಕೈಗವಸು, ಕಿಟಕಿ ತೆರೆದ ಕೋಣೆ, ಉಬ್ಬಸವಿದ್ದರೆ ಬೇಡ ಎಂದು ಹೇಳುತ್ತೇನೆ. ಬಣ್ಣ ಬಂದ ಮೇಲಿನ ಉಪಚಾರವೂ ದೊಡ್ಡದೇ. ಒದ್ದೆಯಾದಾಗ ಈ ಕೂದಲು ರಬ್ಬರಿನಂತೆ ಎಳೆದು ಹರಿಯುತ್ತದೆ, ಆದ್ದರಿಂದ ತಿಕ್ಕಿ ಒರೆಸದೆ ಹಳೆಯ ಹತ್ತಿಬಟ್ಟೆಯಲ್ಲಿ ಒತ್ತಿ, ಅಗಲ ಹಲ್ಲಿನ ಬಾಚಣಿಕೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ರಾತ್ರಿ ಸಡಿಲವಾದ ಜಡೆ. ಬಿಗಿ ರಬ್ಬರ್ ಬ್ಯಾಂಡ್ ಬೇಡ. ಹಳದಿ ಛಾಯೆ ಮರಳಿದರೆ ನೇರಳೆ ಶಾಂಪೂ, ವಾರಕ್ಕೊಮ್ಮೆ ಸಾಕು. ಇಸ್ತ್ರಿಯಂಥ ಬಿಸಿ ಸಾಧನಗಳನ್ನು ಬಳಸಲೇಬೇಕಾದರೆ ಕಡಿಮೆ ಕಾವಿನಲ್ಲಿ, ಅದೂ ಕೂದಲು ಪೂರ್ತಿ ಒಣಗಿದ ಮೇಲೆ. ಬುಡದಲ್ಲಿ ಕಪ್ಪು ಕಂಡಾಗ ಹೊಸ ಬೆಳೆಗೆ ಮಾತ್ರ ಬ್ಲೀಚ್. ಹಿಂದೆಯೇ ಬಿಳುಪಾದ ಭಾಗಕ್ಕೆ ಮತ್ತೆ ತಾಗಬಾರದು.

ತಲೆ ತೊಳೆಯುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿರೆನ್ನುತ್ತೇನೆ. ಬ್ಲೀಚಾದ ಕೂದಲಿನಲ್ಲಿಯೂ ಪ್ರೋಟೀನಿನ ನಷ್ಟವನ್ನು ಅದು ತಗ್ಗಿಸುತ್ತದೆಂದು 2003ರಲ್ಲಿ ಮಾರಿಕೊ ಸಂಸ್ಥೆಯ ಸಂಶೋಧಕರು ತೋರಿಸಿದರು. ಎಣ್ಣೆ ಮಾರುವವರೇ ಎಣ್ಣೆಯನ್ನು ಹೊಗಳಿದರೆಂದು ವರ್ತಕನಾದ ನನಗೆ ಮೊದಲು ಸಂಶಯ ಬಂದದ್ದುಂಟು. ಆದರೆ ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳೊಡನೆ ತುಲನೆ ಮಾಡಿಯೇ ಅವರು ಈ ಮಾತು ಹೇಳಿದ್ದಾರೆ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯಬಲ್ಲುದು ಎಂಬುದು ಅವರು ಕೊಡುವ ಕಾರಣ.

ನಮ್ಮವರು ಕೇಳದೆ ಬಿಡಬಾರದ ಇನ್ನೊಂದು ಸಂಗತಿಯಿದೆ. ಇಂಥ ಕೂದಲಿಗೆಂದು ಮಾರುವ ಕೆರಾಟಿನ್ ಸಾಮಾನ್ಯವಾಗಿ ಉಣ್ಣೆ, ಗರಿ, ಕೊಂಬುಗಳಿಂದ ತೆಗೆದದ್ದು. ಹೊಳಪಿಗೆಂದು ಹೇಳುವ ಬ್ರಷ್ಷುಗಳಲ್ಲಿ ಹಲವು ಹಂದಿಯ ರೋಮದವು. ದಿಂಬಿಗೆ ರೇಷ್ಮೆಯ ಗವುಸು ಹಾಕಿರೆಂಬ ಸಲಹೆಯೂ ಉಂಟು. ಗೋಧಿಯ ಪ್ರೋಟೀನಿನ ಕ್ರೀಮುಗಳು ದೊರೆಯುತ್ತವೆ, ನುಣುಪಾದ ಪಾಲಿಯೆಸ್ಟರ್ ಸ್ಯಾಟಿನ್ ಗವುಸು ರೇಷ್ಮೆಯ ಕೆಲಸವನ್ನೇ ಮಾಡುತ್ತದೆ. ಹಂದಿರೋಮದ ಬ್ರಷ್ಷನ್ನು ಅಂಗಡಿಯಿಂದ ತೆಗೆದೆ. ನಲವತ್ತರ ಬಾಟಲಿಯನ್ನೂ ತೆಗೆದೆ. ಬೇಕಾದವರು ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಾರೆ ಎಂದು ಮಗ ಆಕ್ಷೇಪಿಸಿದ, ಅವನ ಮಾತು ಸುಳ್ಳಲ್ಲ.

2022ರಲ್ಲಿ ಆ ಹುಡುಗಿ ಮತ್ತೆ ಬಂದಳು. ಪುಣೆಯಲ್ಲಿ ನೌಕರಿ. ಕತ್ತರಿಸಿದ್ದ ಕೂದಲು ಭುಜದ ಕೆಳಗೆ ಬಂದಿತ್ತು. ಮತ್ತೆ ಅದೇ ಹೊಂಬಣ್ಣ ಬೇಕೆಂದಳು. ಮೆಹೆಂದಿ ಹಚ್ಚಿದ್ದೀಯಾ, ಯಾವಾಗಿನಿಂದ ಬಿಟ್ಟೆ, ಹಚ್ಚುವವರು ಯಾರು ಎಂದು ಒಂದೊಂದಾಗಿ ಕೇಳಿದೆ. "ಕಾಕಾ, ಇಷ್ಟು ಅವತ್ತ ಕೇಳಿದ್ರ..." ಎಂದು ಆರಂಭಿಸಿ ಸುಮ್ಮನಾದಳು. ಒಂದು ಚಿಕ್ಕ ಪೊಟ್ಟಣ, 20ರ ದ್ರವ ಕೊಟ್ಟು ಎಳೆಯ ಪರೀಕ್ಷೆಗೆ ಕಳುಹಿಸಿದೆ. ಮರುದಿನ ಕಾಗದದಲ್ಲಿ ಸುತ್ತಿದ ಎಳೆಯನ್ನು ತಂದು ತೋರಿಸಿದಳು. ತಿಳಿಗಂದು ಬಣ್ಣ, ಒದ್ದೆ ಮಾಡಿ ಎಳೆದು ನೋಡಿದೆ, ಹರಿಯಲಿಲ್ಲ. ಉಳಿದ ಸಾಮಾನು ಕಟ್ಟಿಕೊಟ್ಟೆ.

ಅವಳ ತಂದೆ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಕುಳಿತಿದ್ದರು. ಆ ದಿನದಿಂದ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ನಾನು ಹೊರಬಂದು ಕೈಮುಗಿದು ಜಯಜಿನೇಂದ್ರ ಎಂದೆ. ಅವರೂ ಕೈಮುಗಿದರು, ಕೆಳಗಿಳಿಯಲಿಲ್ಲ.