ಅಪ್ಪ ಮತ್ತು ಗಣಿಯ ಗಂಟೆ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಹತ್ತನೇ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಕಮ್ಮಸಂದ್ರದ ಕೋಟಿಲಿಂಗೇಶ್ವರನ ದರ್ಶನ ಮುಗಿಸಿ ಬಸ್ಸು ಕೆ.ಜಿ.ಎಫ್. ಕಡೆಗೆ ಹೊರಟಿತು. ಊರು ಹತ್ತಿರವಾಗುತ್ತಿದ್ದಂತೆ ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಅದ್ಯಾವ ಬೆಟ್ಟ? ಒಂದೂ ಮರ ಇಲ್ಲವಲ್ಲ?’

‘ಅದು ಬೆಟ್ಟ ಅಲ್ಲಮ್ಮ. ನೆಲದೊಳಗಿಂದ ತೆಗೆದ ಕಲ್ಲನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡ ಮೇಲೆ ಉಳಿದ ಪುಡಿ. ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದು ಸುರಿದು ಬೆಟ್ಟದ ಹಾಗಾಗಿದೆ’ ಎಂದೆ.

ಹಿಂದಿನ ಸೀಟಿನಿಂದ 2018ರಲ್ಲಿ ಬಂದ ಸಿನಿಮಾದ ಹೆಸರು ಹೇಳಿ ಯಾರೋ ಶಿಳ್ಳೆ ಹೊಡೆದರು. ನಾನು ಹುಟ್ಟಿ ಬೆಳೆದ ಊರು ಇದೇ ಎಂದಾಗ ಮಾತ್ರ ಬಸ್ಸಿನಲ್ಲಿ ಸದ್ದಡಗಿತು. ‘ಹಾಗಾದರೆ ನಿಮ್ಮ ಅಪ್ಪ ಚಿನ್ನ ಅಗೀತಿದ್ರಾ ಸಾರ್?’ ಎಂದು ಒಬ್ಬ ಕೇಳಿದ.

ಇಲ್ಲ. ನಮ್ಮಪ್ಪ ತನ್ನ ಕೈಯಾರೆ ಒಂದು ಗುಂಜಿ ಚಿನ್ನವನ್ನೂ ಅಗೆಯಲಿಲ್ಲ. ಅಗೆಯುವವರನ್ನು ಕೆಳಗಿಳಿಸಿ, ಪಾಳಿ ಮುಗಿದ ಮೇಲೆ ಮೇಲಕ್ಕೆ ತರುವುದು ಅವರ ಕೆಲಸವಾಗಿತ್ತು.

ನೆಲದೊಳಗಿನ ಊರು

ಕೆ.ಜಿ.ಎಫ್. ಎಂದರೆ ಮೇಲೊಂದು ಊರು, ಕೆಳಗೊಂದು ಊರು. ಮೇಲೆ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ. ಸಾಲುಸಾಲು ಲೈನ್ ಮನೆಗಳು, ಅಲ್ಲಲ್ಲಿ ಚರ್ಚು, ಗುಡಿ, ಕೆಂಪು ಹೆಂಚಿನ ಬಂಗಲೆಗಳು. ಕೆಳಗೆ ಕತ್ತಲಲ್ಲಿ ಮೈಲಿಗಟ್ಟಲೆ ಸುರಂಗಗಳು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಇಲ್ಲಿ ಕೆಲಸ ಆರಂಭಿಸಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಅದಾದ ಮೂರು ವರ್ಷಕ್ಕೆ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚುವ ಹೊತ್ತಿಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಅಷ್ಟು ಕೆಳಗೆ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನಿಂದ ತಣ್ಣನೆಯ ಗಾಳಿ ಕಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ.

ಈ ಎರಡು ಊರುಗಳ ನಡುವಿನ ದಾರಿ ಒಂದೇ. ಅದು ಶಾಫ್ಟ್. ಬಾವಿಯಂಥ ಆ ಶಾಫ್ಟಿನಲ್ಲಿ ಉಕ್ಕಿನ ಹಗ್ಗದ ತುದಿಗೆ ತೂಗುವ ಕಬ್ಬಿಣದ ಕೇಜು. ಮೇಲೆ ಉಕ್ಕಿನ ಗೋಪುರ, ಅದರ ತಲೆಯಲ್ಲಿ ದೊಡ್ಡ ರಾಟೆ. ಗೋಪುರದಿಂದ ಸ್ವಲ್ಪ ದೂರದ ಎಂಜಿನ್ ಮನೆಯಲ್ಲಿ ಹಗ್ಗ ಸುತ್ತುವ ಡ್ರಮ್ಮು. ಡ್ರಮ್ಮಿನ ಮುಂದೆ ಕುರ್ಚಿ, ಕುರ್ಚಿಯಲ್ಲಿ ಅಪ್ಪ. ವೈಂಡಿಂಗ್ ಎಂಜಿನ್ ಡ್ರೈವರ್ ಎಂಬುದು ಅವರ ಹುದ್ದೆಯ ಹೆಸರು. ಲೈನಿನಲ್ಲಿ ಎಲ್ಲರೂ ‘ವೈಂಡರು’ ಎನ್ನುತ್ತಿದ್ದರು.

ಮಾತಿಲ್ಲದ ಮನೆ

ಅಪ್ಪ ಮಾತು ಕಡಿಮೆಯ ಮನುಷ್ಯ. ನಮ್ಮ ಲೈನಿನಲ್ಲಿ ಹೆಚ್ಚಿನವರು ತಮಿಳರು. ಸಂಜೆಯಾದರೆ ಗಂಡಸರೆಲ್ಲ ಬಾಗಿಲಲ್ಲಿ ಕುಳಿತು ಫುಟ್‌ಬಾಲು, ಸಿನಿಮಾ, ಯೂನಿಯನ್ನು ಎಂದು ಗಟ್ಟಿಯಾಗಿ ಹರಟುವರು. ಅಪ್ಪ ಮುದ್ದೆ, ಹುರುಳಿ ಸಾರು ಉಂಡು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗುವರು. ರಾತ್ರಿ ಪಾಳಿಯ ವಾರವಂತೂ ಹಗಲಿಡೀ ನಾವು ಪಿಸುಮಾತಿನಲ್ಲೇ ಇರಬೇಕು. ಅಮ್ಮ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ತಟ್ಟೆಗಳು ತಾಕದಂತೆ ಪಾತ್ರೆ ತೊಳೆಯುತ್ತಿದ್ದಳು. ‘ಅಪ್ಪ ಎದ್ದುಬಿಟ್ಟರೆ ರಾತ್ರಿ ಮುನ್ನೂರು ಜನಕ್ಕೆ ಕಷ್ಟ’ ಎನ್ನುವಳು. ಅಪ್ಪನ ನಿದ್ದೆಗೂ ಮುನ್ನೂರು ಜನಕ್ಕೂ ಏನು ಸಂಬಂಧವೆಂದು ನನಗೆ ತಿಳಿಯುತ್ತಿರಲಿಲ್ಲ.

ದೀಪಾವಳಿಯಲ್ಲಿ ಬೇರೆ ಹುಡುಗರ ಅಪ್ಪಂದಿರು ಆಟಂಬಾಂಬಿಗೆ ಬೆಂಕಿ ಮುಟ್ಟಿಸಿದರೆ, ನಮ್ಮಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಕೂರುವರು. ಅವರು ಪುಕ್ಕಲರೆಂದು ನನಗೆ ಒಳಗೊಳಗೇ ನಾಚಿಕೆ.

ನನಗೆ ಹತ್ತು ವರ್ಷವಿದ್ದಾಗ ಒಂದು ರಾತ್ರಿ ಗೂಡಿನ ಪಾತ್ರೆಗಳು ಗಲಗಲ ಎಂದವು. ನೆಲ ಒಮ್ಮೆ ನಡುಗಿ ಸುಮ್ಮನಾಯಿತು. ಆಳದಲ್ಲಿ ಕಲ್ಲು ತೆಗೆದು ಖಾಲಿ ಮಾಡಿದಂತೆಲ್ಲ ಸುತ್ತಲಿನ ಬಂಡೆಯ ಮೇಲೆ ಒತ್ತಡ ಹೆಚ್ಚುತ್ತದೆ. ತಾಳಲಾರದೆ ಅದು ಸಿಡಿಯುವುದಕ್ಕೆ ‘ರಾಕ್ ಬರ್ಸ್ಟ್’ ಎನ್ನುತ್ತಾರೆ. ಊರಿನವರ ಬಾಯಲ್ಲಿ ಅದು ‘ಏರ್ ಬ್ಲಾಸ್ಟ್’. ಅಂದು ಲೈನಿನ ಹೆಂಗಸರೆಲ್ಲ ಶಾಫ್ಟಿನ ಕಡೆ ಓಡಿದರು. ಅಪ್ಪ ಪಾಳಿಯಲ್ಲಿದ್ದರು. ಮರುದಿನ ಹೊತ್ತೇರಿದ ಮೇಲೆ ಮನೆಗೆ ಬಂದರು. ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆದು, ಊಟ ಬೇಡವೆಂದು ಮಲಗಿದರು. ಮೂರನೇ ಮನೆಯಿಂದ ಅಳು ಕೇಳುತ್ತಿತ್ತು. ಆ ಮನೆಯ ಹುಡುಗ ನನ್ನ ಗೆಳೆಯ. ‘ಅಪ್ಪಾ, ಅವರಪ್ಪನನ್ನ ಯಾರು ಮೇಲೆ ತಂದರು?’ ಎಂದು ಕೇಳಿದೆ. ಅಪ್ಪ ಗೋಡೆಯ ಕಡೆ ಹೊರಳಿಕೊಂಡರು. ಅವರಿಗೆ ಎದೆಯೊಳಗೆ ಕಲ್ಲಿದೆ ಎಂದು ಅಂದು ತೀರ್ಮಾನಿಸಿದೆ. ಆ ತೀರ್ಮಾನ ಐದಾರು ವರ್ಷ ಹಾಗೇ ಉಳಿಯಿತು.

ಎಂಜಿನ್ ಮನೆಯಲ್ಲಿ ಅರ್ಧ ಗಂಟೆ

1984ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಪ್ರಥಮ ದರ್ಜೆ. ಅಪ್ಪನಿಗೆ ಹೇಳಲೇಬೇಕೆಂಬ ಹುರುಪಿನಲ್ಲಿ ಶಾಲೆಯಿಂದ ನೇರ ಗಣಿಗೆ ಓಡಿದೆ. ಕಾವಲುಗಾರ ಪರಿಚಯದವರು, ‘ಸದ್ದು ಮಾಡಬೇಡ’ ಎಂದು ಒಳಗೆ ಬಿಟ್ಟರು.

ಎಂಜಿನ್ ಮನೆಯ ಗೋಡೆಯಲ್ಲಿ ಒಂದು ಫಲಕ: ಡ್ರೈವರ್ ಜೊತೆ ಮಾತನಾಡಬಾರದು. ನಮ್ಮ ಮನೆಗಿಂತ ಎತ್ತರದ ಡ್ರಮ್ಮು ತಿರುಗುತ್ತಿತ್ತು. ಅಪ್ಪನ ಒಂದು ಕೈ ಎಂಜಿನ್ನಿನ ಹಿಡಿಯ ಮೇಲೆ, ಇನ್ನೊಂದು ಬ್ರೇಕಿನ ಮೇಲೆ. ನಾನು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲೇ ನಿಂತಿದ್ದರೂ ಅವರು ತಿರುಗಲಿಲ್ಲ. ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಗೋಡೆಗೆ ಒರಗಿಸಿದರು.

ಪಾಳಿ ಬದಲಾಗುವ ಹೊತ್ತು. ಗಂಟೆ ಬಡಿಯಿತು. ಕೆಳಗಿನವರಿಗೂ ಅಪ್ಪನಿಗೂ ನಡುವೆ ಇದ್ದ ಭಾಷೆ ಅದೊಂದೇ. ಇಷ್ಟು ಬಡಿತವೆಂದರೆ ಜನ ಹತ್ತುತ್ತಿದ್ದಾರೆ, ಇಷ್ಟೆಂದರೆ ಎತ್ತು, ಇಷ್ಟೆಂದರೆ ಇಳಿಸು. ಚಲಿಸುವಾಗ ಒಂದೇ ಒಂದು ಬಡಿತ ಕೇಳಿದರೆ ಆ ಕ್ಷಣ ನಿಲ್ಲಿಸಬೇಕು. ಎಣಿಕೆಯಲ್ಲಿ ಒಂದು ತಪ್ಪಿದರೆ, ಕೇಜಿಗೆ ಕಾಲಿಡುತ್ತಿರುವವನ ಗತಿ? ಕೇಜು ಅಪ್ಪನ ಕಣ್ಣಿಗೆ ಕಾಣುವುದಿಲ್ಲ. ಅದು ಎಲ್ಲಿದೆ ಎಂದು ಹೇಳುವುದು ಆಳ ತೋರಿಸುವ ಮುಳ್ಳು, ಡ್ರಮ್ಮಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಎಳೆದ ಗೆರೆಗಳು, ಮತ್ತು ಕಿವಿ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಮೀಟರಿಗೆ 6 ಕಿಲೋ ತೂಗುವ ಹಗ್ಗವೆಂದು ಇಟ್ಟುಕೊಳ್ಳಿ. 2000 ಮೀಟರ್ ಕೆಳಗಿಳಿದಾಗ ಹಗ್ಗದ ತೂಕವೇ 12 ಟನ್. ಕೇಜು ಇಳಿದಂತೆಲ್ಲ ಭಾರ ಹೆಚ್ಚುತ್ತದೆ, ಏರಿದಂತೆಲ್ಲ ಕಡಿಮೆಯಾಗುತ್ತದೆ. ಅದಕ್ಕೇ ಒಂದು ಕೇಜು ಇಳಿಯುವಾಗ ಇನ್ನೊಂದು ಏರುವಂತೆ ಜೋಡಿ ಮಾಡಿ ಸರಿದೂಗಿಸುತ್ತಾರೆ. ಉಕ್ಕಿನ ಹಗ್ಗವೂ ಭಾರಕ್ಕೆ ಹಿಗ್ಗುತ್ತದೆ. ಕೆಳಗೆ ಜನ ಇಳಿಯುತ್ತಿದ್ದಂತೆ ಅದು ಕುಗ್ಗಿ ಕೇಜು ತುಸು ಮೇಲೇಳುತ್ತದೆ. ಹುಕ್ಕನ ನಿಯಮವನ್ನು ಪಾಠ ಮಾಡುವಾಗ ನಾನು ಈಗಲೂ ಸ್ಪ್ರಿಂಗಿನ ಬದಲು ಈ ಹಗ್ಗದಿಂದಲೇ ಆರಂಭಿಸುತ್ತೇನೆ. ಒಂದೇ ಹಗ್ಗದಲ್ಲಿ ತಳದವರೆಗೆ ಹೋಗುವಂತಿರಲಿಲ್ಲ. ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ಒಳಗಿನ ಮತ್ತೊಂದು ಶಾಫ್ಟಿನ ಕೇಜು ಹತ್ತಬೇಕಿತ್ತು.

ಅರ್ಧ ಗಂಟೆಯ ಮೇಲೆ ಬದಲಿ ಡ್ರೈವರ್ ಬಂದರು. ಅಪ್ಪ ಕುರ್ಚಿಯಿಂದ ಎದ್ದು, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

‘ಎಷ್ಟು ಬಂತು?’

ಹೇಳಿದೆ.

‘ಅಮ್ಮನಿಗೆ ಹೇಳಿದೆಯಾ?’

‘ಇಲ್ಲ. ಮೊದಲು ನಿಮಗೆ.’

ಅವರು ಏನೂ ಹೇಳಲಿಲ್ಲ. ಮನೆಯವರೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ದಾರಿಯಲ್ಲಿ ನಾನೇ ಬಾಯಿಬಿಟ್ಟು ಆ ರಾತ್ರಿಯ ವಿಷಯ ಕೇಳಿದೆ. ‘ಗಾಯ ಆದವರಿದ್ದಾರೆ ಅಂತ ಗೊತ್ತಾದ ಮೇಲೆ ಮೆಲ್ಲಗೆ ಎತ್ತಬೇಕು. ಅಲುಗಾಡಿದರೆ ಅವರಿಗೆ ನೋವು. ತಡ ಮಾಡಿದರೆ ಜೀವಕ್ಕೆ ಅಪಾಯ. ಬೆಳಗಿನ ತನಕ ಎತ್ತಿದೆ. ನಿನ್ನ ಗೆಳೆಯನ ಅಪ್ಪನನ್ನ ತಂದದ್ದೂ ನಾನೇ. ಮೇಲೆ ಬರುವಷ್ಟರಲ್ಲಿ ಇರಲಿಲ್ಲ’ ಎಂದರು. ಒಟ್ಟಿಗೆ ಅಷ್ಟು ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ವೈಂಡರ್‌ಗಳ ಕಣ್ಣು, ಕಿವಿಗಳನ್ನು ವೈದ್ಯರು ಪರೀಕ್ಷಿಸುತ್ತಿದ್ದರೆಂದೂ, ಕಿವಿ ಮಂದವಾದರೆ ಆ ಕುರ್ಚಿ ಇಲ್ಲವೆಂದೂ ಆಮೇಲೆ ತಿಳಿಯಿತು. ದೀಪಾವಳಿಯ ಹತ್ತಿ ಹಿಂಜರಿಕೆಯದ್ದಾಗಿರಲಿಲ್ಲ.

ಕಣ ಹಿಡಿದವರು

ಅಪ್ಪ ತಾವಾಗಿ ಹೇಳಿದ ಸಂಗತಿ ಒಂದಿತ್ತು. ‘ಬೊಂಬಾಯಿಯವರು ಟನ್ನುಗಟ್ಟಲೆ ಕಬ್ಬಿಣ ಇಳಿಸಿದ್ದಾರಂತೆ. ಕೆಳಗೆ ಕೂತು ಯಾವುದೋ ಕಣ ಕಾಯ್ತಾರಂತೆ’ ಎಂದು ನಗುತ್ತಿದ್ದರು. ಬಿ.ಎಸ್ಸಿ. ಓದುವಾಗ ಅದೇನೆಂದು ತಿಳಿಯಿತು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ಆಳಕ್ಕೆ ಹೋದಂತೆ ಅವು ಕಡಿಮೆಯಾಗಿ, ಏನನ್ನೂ ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೋ ಕಣದ ಸುಳಿವನ್ನು ಗುರುತಿಸಲು ಸಾಧ್ಯವಾಗುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರೊಂದಿಗೆ ಸೇರಿ, ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳಲ್ಲಿ ಅದೊಂದು. ಆ ಕೆಲಸದಲ್ಲಿದ್ದ ಪ್ರಮುಖರಲ್ಲಿ ನಮ್ಮ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಒಬ್ಬರು. ಅಪ್ಪ ಹೇಳಿದ ಕಬ್ಬಿಣ 1980ರ ದಶಕದ್ದು. ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ನೋಡಲು ಇಳಿಸಿದ 140 ಟನ್ನಿನ ಉಪಕರಣ. ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅದನ್ನೆಲ್ಲ ಇಳಿಸಿದವರ ಹೆಸರೂ ಪುಸ್ತಕದಲ್ಲಿ ಇದೆಯಾ?’

ಇರಲಿಲ್ಲ.

ಈಗಿನ ಕೆ.ಜಿ.ಎಫ್.

ಪಂಪುಗಳು ನಿಂತ ಮೇಲೆ ಕೆಳಗಿನ ಊರಿನಲ್ಲಿ ನೀರು ತುಂಬಿತು. ಮಕ್ಕಳಿಗೆ ಗೋಪುರವನ್ನು ರಸ್ತೆಯಿಂದಲೇ ತೋರಿಸಿದೆ. ತುಕ್ಕು ಹಿಡಿದ ರಾಟೆ, ಸುತ್ತ ಜಾಲಿ ಮುಳ್ಳು. ನೋಡಲು ಹೋಗುವವರು ಶಾಫ್ಟುಗಳ ಹತ್ತಿರ ನುಗ್ಗಬಾರದು, ಸೈನೈಡ್ ದಿಬ್ಬಗಳ ಪುಡಿಯಲ್ಲಿ ಮಕ್ಕಳನ್ನು ಆಡಲು ಬಿಡಬಾರದು. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ದೂಳು ಮನೆಮನೆಗೂ ಬರುತ್ತದೆ. ಬೆಂಗಳೂರಿನಿಂದ ಊರು ಸುಮಾರು 100 ಕಿ.ಮೀ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಗಣಿಗಾಗಿಯೇ ಹಾಕಿದ ಹಳೆಯ ರೈಲು ದಾರಿಯಿದೆ. ಈಗ ನಸುಕಿನಲ್ಲಿ ಆ ರೈಲು ಹತ್ತಿ, ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಂದು ಸೈರನ್ನಿಗೆ ಎದ್ದು ಕೆಳಗಿಳಿಯುತ್ತಿದ್ದರು, ಇಂದು ಅಲಾರಮ್ಮಿಗೆ ಎದ್ದು ಅಷ್ಟು ದೂರ ಹೋಗುತ್ತಾರೆ. ರಾತ್ರಿ ಅವರು ಮರಳುವಾಗ ಮಕ್ಕಳು ಮಲಗಿರುತ್ತಾರೆ.

ಅಪ್ಪ 2009ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ನನ್ನ ಜೊತೆಗಿದ್ದರು. ಬೀದಿಯಲ್ಲಿ ಯಾರಾದರೂ ಸೈಕಲ್ ಗಂಟೆಯನ್ನು ಒಮ್ಮೆ ಬಾರಿಸಿದರೆ ನಡೆಯುತ್ತಿದ್ದವರು ತಟ್ಟನೆ ನಿಲ್ಲುತ್ತಿದ್ದರು. ಇನ್ನೊಮ್ಮೆ ಬಾರಿಸುತ್ತಾರೇನೋ ಎಂದು ಕಾಯುತ್ತಿದ್ದರು.

ಬಸ್ಸು ವಾಪಸು ಹೊರಟಾಗ, ಅಪ್ಪನ ಬಗ್ಗೆ ಕೇಳಿದ್ದ ಅದೇ ಹುಡುಗ ಬಂದು ನನ್ನ ಪಕ್ಕ ಕುಳಿತ. ‘ನಮ್ಮಪ್ಪನೂ ಮನೇಲಿ ಮಾತಾಡಲ್ಲ ಸಾರ್. ಕ್ರೇನ್ ಓಡಿಸ್ತಾರೆ. ಬಂದು ಮಲಗಿಬಿಡ್ತಾರೆ’ ಎಂದ.

‘ಅವರು ಕೆಲಸ ಮಾಡೋ ಜಾಗ ನೋಡಿದ್ದೀಯಾ?’

‘ಇಲ್ಲ ಸಾರ್.’

‘ಒಂದು ಸಲ ಕರೆದುಕೊಂಡು ಹೋಗು ಅಂತ ಕೇಳು’ ಎಂದೆ.

ತಂದೆತಾಯಿಗಳಿಗೂ ನನ್ನದು ಅದೇ ಮನವಿ. ಮಕ್ಕಳ ಅಂಕಪಟ್ಟಿ ನೋಡಲು ನೀವು ಶಾಲೆಗೆ ಬರುತ್ತೀರಿ. ನಿಮ್ಮ ಕೆಲಸ ನೋಡಲು ಅವರನ್ನೂ ಒಂದು ದಿನ, ಅರ್ಧ ಗಂಟೆಗಾದರೂ ಕರೆದೊಯ್ಯಿರಿ.